ಬಸ್ ನೀರಿಗಿಳಿದರೆ ಏನಾಗುತ್ತೆ?

ಊರು ಸುತ್ತಿಸ್ತಿದ್ದ ಬಸ್ ನೇರ ಸಮುದ್ರಕ್ಕೆ ಇಳೀತು! ಬ್ರೇಕ್ ಫೇಲಲ್ಲ, ಜನ ಟಿಕೆಟ್ ತಗೊಂಡಿರೋದೇ ಇದಕ್ಕೆ.

ನಮ್ಮ ಅಮರಾಪುರ, ಮಡಕಶಿರಾ ಕಡೆ ಸಮುದ್ರ ಇಲ್ಲ. ಆದ್ರೆ ಸಿಂಗಪುರ, ಬಾಸ್ಟನ್‌ನಂಥ ಬಂದರು ನಗರಗಳಲ್ಲಿ ಇಂಥ ಸವಾರಿ ಬಲು ಪ್ರಸಿದ್ಧ.

ಇದರ ಹುಟ್ಟು ಯುದ್ಧದಲ್ಲಿ. 1942ರಲ್ಲಿ ಅಮೆರಿಕದ ಸೇನೆಗೆ ಆರು ಚಕ್ರದ ಒಂದು ಲಾರಿ ಬಂತು. ಹೆಸರು ಡಕ್. ಹಡಗಿನಿಂದ ಸಾಮಾನು ಹೊತ್ತು ದಡ ಹತ್ತೋದು ಅದರ ಕೆಲಸ. ತಯಾರಾಗಿದ್ದು 21,000ಕ್ಕೂ ಹೆಚ್ಚು. ಯುದ್ಧ ಮುಗಿದ ಮೇಲೆ ಕೆಲವು ಪ್ರವಾಸಿಗರ ಪಾಲಾದವು.

ತೇಲೋದು ಹೇಗೆ? ತಳ ದೋಣಿಯ ಆಕಾರ, ನೀರು ನುಗ್ಗದಂತೆ ಭದ್ರ. ರಸ್ತೆಯಲ್ಲಿ ಇಂಜಿನ್ ಚಕ್ರ ತಿರುಗಿಸುತ್ತೆ, ನೀರಲ್ಲಿ ಹಿಂದಿನ ಪ್ರೊಪೆಲರ್. ಸೋರಿ ಬಂದ ನೀರನ್ನ ಪಂಪ್ ಆಚೆ ಹಾಕುತ್ತೆ. ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ಓಡೋ ಡಕ್, ನೀರಲ್ಲಿ ಸುಮಾರು 10 ಅಷ್ಟೇ!

ಅಪಾಯವೂ ಇದೆ. 2018ರ ಜುಲೈ 19ರಂದು ಅಮೆರಿಕದ ಮಿಸೌರಿಯಲ್ಲಿ, ಟೇಬಲ್ ರಾಕ್ ಸರೋವರದಲ್ಲಿ ಬಿರುಗಾಳಿಗೆ ಸಿಕ್ಕಿ ಒಂದು ಡಕ್ ಮುಳುಗಿತು. 17 ಜನ ಸತ್ತರು.

ಹಾಗಾಗಿ ಎಲ್ಲೇ ಹತ್ತಿ, ಮೊದಲು ಲೈಫ್ ಜಾಕೆಟ್ ಎಲ್ಲಿದೆ ನೋಡಿ. ಮೋಡ ಕವಿದು ಗಾಳಿ ಎದ್ದಿದ್ರೆ ಹತ್ತಲೇಬೇಡಿ.