ಹೊಸ ವಾಹನದ ಬಣ್ಣವನ್ನು ಬಿಸಿಲಿನಿಂದ ಸಂರಕ್ಷಿಸುವ ಕ್ರಮಗಳು

ರಾಯಚೂರು ಜಿಲ್ಲೆ, ಸಿಂಧನೂರು ತಾಲ್ಲೂಕಿನ ದಢೇಸುಗೂರು ಹಾಗೂ ಸುತ್ತಲಿನ ಗ್ರಾಮಗಳು ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವ ಪ್ರದೇಶಕ್ಕೆ ಸೇರಿರುತ್ತವೆ. ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಸಾಲ ಪಡೆದು ಖರೀದಿಸಿದ ಟ್ರ್ಯಾಕ್ಟರ್ ಕಂತು ತೀರುವ ಮೊದಲೇ ಬಣ್ಣಗೆಟ್ಟಲ್ಲಿ ಅದರ ಮರುಮಾರಾಟದ ಬೆಲೆ ಕುಗ್ಗುತ್ತದೆ.

ಸೂರ್ಯನ ಅತಿನೇರಳೆ ಕಿರಣಗಳು ಬಣ್ಣದ ಕಣಗಳನ್ನು ಹಿಡಿದಿಡುವ ರಾಳವನ್ನು ಕ್ರಮೇಣ ಶಿಥಿಲಗೊಳಿಸುತ್ತವೆ. ಆಗ ಹೊಳಪು ಕುಂದಿ, ಮುಟ್ಟಿದರೆ ಸುಣ್ಣದಂತಹ ಪುಡಿ ಕೈಗೆ ಅಂಟುತ್ತದೆ. ಆದುದರಿಂದ ವಾಹನವು ಹೊಸದಾಗಿರುವಾಗಲೇ ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ.

1. ವಾಹನವನ್ನು ಛಾವಣಿಯ ನೆರಳಿನಲ್ಲಿ ನಿಲ್ಲಿಸಬೇಕು. ಮರದಡಿ ನಿಲ್ಲಿಸಿದಲ್ಲಿ ಹಕ್ಕಿಯ ಹಿಕ್ಕೆಯನ್ನು ಕೂಡಲೇ ತೊಳೆಯಬೇಕು. ಬಿಸಿಲಿಗೆ ಒಣಗಿದ ಹಿಕ್ಕೆ ಬಣ್ಣವನ್ನು ತಿನ್ನುತ್ತದೆ.

2. ಧೂಳನ್ನು ಒಣಬಟ್ಟೆಯಿಂದ ಉಜ್ಜಬಾರದು. ಮರಳಿನ ಕಣಗಳು ಗೀರು ಮೂಡಿಸುತ್ತವೆ. ಮೊದಲು ನೀರು ಹಾಯಿಸಿ, ನಂತರ ಮೃದುವಾದ ಬಟ್ಟೆಯಿಂದ ಒರೆಸಬೇಕು.

3. ಮುಂಜಾನೆ ಅಥವಾ ಸಂಜೆ ತೊಳೆಯಬೇಕು. ಬೋರ್‌ವೆಲ್‌ನ ಗಡಸು ನೀರು ಕಾದ ಲೋಹದ ಮೇಲೆ ಆರಿದರೆ ಲವಣದ ಕಲೆ ಉಳಿಯುತ್ತದೆ.

4. ರಸಗೊಬ್ಬರ ಸಾಗಿಸಿದ ದಿನವೇ ಟ್ರೇಲರನ್ನು ತೊಳೆದು ಒಣಗಿಸಬೇಕು. ಗೀರುಗಳಿಗೆ ಒಡನೆ ಬಣ್ಣ ಹಚ್ಚದಿದ್ದಲ್ಲಿ ತುಕ್ಕು ಒಳಗೆ ಹರಡುತ್ತದೆ.

5. ಹೊಳಪಿಗಾಗಿ ಡೀಸೆಲ್ ಅಥವಾ ಸೀಮೆಎಣ್ಣೆ ಸವರಬಾರದು. ಅದರಿಂದ ಧೂಳು ಇನ್ನಷ್ಟು ಅಂಟುತ್ತದೆ. ಬದಲಾಗಿ, ಎರಡು ಮೂರು ತಿಂಗಳಿಗೊಮ್ಮೆ ವಾಹನಗಳಿಗೆಂದೇ ತಯಾರಿಸಿದ ವ್ಯಾಕ್ಸ್ ಹಚ್ಚಬಹುದು.

ವಾಹನದ ಬಣ್ಣವು ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗಿರುತ್ತದೆ. ಬೇರೆ ಬಣ್ಣ ಬಳಿಸಲು ಇಚ್ಛಿಸುವ ಮಾಲೀಕರು ಮುಂಚಿತವಾಗಿ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಸಂಪರ್ಕಿಸತಕ್ಕದ್ದು.