ಮೊದಲ ಗೆಲುವಿನ ಚಿಂತೆ

ಸೋಲಿನ ದುಃಖವನ್ನು ಕುರಿತು ನಮ್ಮ ಸಾಹಿತ್ಯದಲ್ಲಿ ಬೇಕಾದಷ್ಟು ಬಂದಿದೆ. ಗೆಲುವಿನ ಕಳವಳವನ್ನು ಕುರಿತು ಬರೆದವರು ವಿರಳ. ಅದರಲ್ಲಿಯೂ ಕಾಲ್ಚೆಂಡಾಟದ ಋತು ಇನ್ನೂ ಕಣ್ಣು ಬಿಡುತ್ತಿರುವಾಗಲೇ ಬಹುಕಾಲದ ಎದುರಾಳಿಯ ಮೇಲೆ ದೊರೆತ ಜಯ ಅಭಿಮಾನಿಯ ಮನಸ್ಸನ್ನು ಹೇಗೆ ಕಲಕುತ್ತದೆಂಬುದನ್ನು ಅನುಭವಿಸಿದವನೇ ಬಲ್ಲ. ನಮ್ಮ ಆಲಂಕಾರಿಕರು 33 ಸಂಚಾರೀ ಭಾವಗಳನ್ನು ಹೇಳಿದ್ದಾರಷ್ಟೆ. ಹರ್ಷ, ಗರ್ವ, ಶಂಕೆ, ಸ್ಮೃತಿ, ಚಿಂತೆ, ತ್ರಾಸ ಎಲ್ಲವೂ ಅದರಲ್ಲಿವೆ. ಇವೆಲ್ಲ ಒಂದೇ ಗಳಿಗೆಯಲ್ಲಿ ಒಂದೇ ಹೃದಯದಲ್ಲಿ ಸುಳಿಯುವುದು ಸಾಧ್ಯವೇ ಎಂದು ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳುವುದುಂಟು. ಕಂಠೀರವ ಕ್ರೀಡಾಂಗಣದಲ್ಲಿ ಒಂದು ಸಂಜೆ ಕುಳಿತು ಬನ್ನಿರೆಂಬುದೇ ನಾನು ಅವರಿಗೆ ಕೊಡುವ ಉತ್ತರ.

ನನ್ನ ಮನಸ್ಸಿನಲ್ಲಿರುವುದು 2024ರ ಸೆಪ್ಟೆಂಬರ್ 28ರ ಸಂಜೆ. ಇಂಡಿಯನ್ ಸೂಪರ್ ಲೀಗಿನ ಆ ಋತುವಿನಲ್ಲಿ ಬೆಂಗಳೂರು ಎಫ್.ಸಿ. ತಂಡಕ್ಕೆ ಅದು ಮೂರನೆಯ ಪಂದ್ಯ. ಎದುರಿಗಿದ್ದುದು ಹಿಂದಿನ ಋತುವಿನ ಲೀಗ್ ಫಲಕವನ್ನು ಗೆದ್ದಿದ್ದ ಕಲ್ಕತ್ತೆಯ ಮೋಹನ್ ಬಾಗಾನ್. ಮೊದಲರ್ಧದಲ್ಲಿ ಎಡ್ಗರ್ ಮೆಂಡೆಜ್ ಮತ್ತು ಸುರೇಶ್ ಸಿಂಗ್ ವಾಂಗ್ಜಮ್ ಒಂದೊಂದು ಗೋಲು ಹೊಡೆದರು. ವಿರಾಮದ ಅನಂತರ ಸುನಿಲ್ ಛೇತ್ರಿ ಪೆನಾಲ್ಟಿಯಿಂದ ಮೂರನೆಯದನ್ನು ಸೇರಿಸಿದರು. ಮೂರು ಗೋಲು, ಎದುರಾಳಿಗೆ ಸೊನ್ನೆ. ಮೊದಲ ಪಂದ್ಯದಲ್ಲಿ, ಕ್ಲಬ್ಬಿನ ಕಿರಿಯರ ಗರಡಿಯಿಂದ ಬಂದ ತರುಣ ವಿನಿತ್ ವೆಂಕಟೇಶರ ಗೋಲಿನಿಂದ ಈಸ್ಟ್ ಬೆಂಗಾಲ್ ಸೋತಿತ್ತು. ಎರಡನೆಯದರಲ್ಲಿ ಹೈದರಾಬಾದು ಸೋತಿತ್ತು. ಮೂರು ಪಂದ್ಯಗಳಲ್ಲಿ ಹೊಡೆದದ್ದು 7 ಗೋಲು, ಬಿಟ್ಟುಕೊಟ್ಟದ್ದು ಒಂದೂ ಇಲ್ಲ. ಅದಕ್ಕೆ ಹಿಂದಿನ ವರ್ಷ ಹತ್ತನೆಯ ಸ್ಥಾನಕ್ಕೆ ಕುಸಿದಿದ್ದ ತಂಡವಿದು. ನಲವತ್ತು ತುಂಬಿದ ಛೇತ್ರಿ ಇನ್ನೆಷ್ಟು ದಿನ ಆಡಿಯಾರೆಂದು ಊರೆಲ್ಲ ಲೆಕ್ಕ ಹಾಕುತ್ತಿದ್ದ ಕಾಲವದು.

ಇಂಥ ರಾತ್ರಿ ಉತ್ತರಕುಮಾರನ ವಂಶದವರು ಎಲ್ಲ ಕಡೆಯೂ ಹುಟ್ಟಿಕೊಳ್ಳುತ್ತಾರೆ. ಕ್ರೀಡಾಂಗಣದಿಂದ ಹೊರಬಿದ್ದ ಜನಸ್ತೋಮ ಆಗಲೇ ಏಪ್ರಿಲ್ ತಿಂಗಳ ಪ್ರಶಸ್ತಿಯನ್ನು ಮನೆಗೆ ಹೊತ್ತು ತಂದಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವುದು ಅಭಿಮಾನಿಯ ಜನ್ಮಸಿದ್ಧ ಹಕ್ಕು. ಆದರೆ 24 ಪಂದ್ಯಗಳಲ್ಲಿ ಮುಗಿದಿದ್ದುದು ಮೂರೇ ಎಂಬ ಸಣ್ಣ ಅಂಕಗಣಿತ ಆಗರ, ಇಬ್ಬಲೂರು ದಾಟಿ ಬೆಳ್ಳಂದೂರು ಸೇರುವವರೆಗೂ ನನ್ನ ಕಿವಿಯಲ್ಲಿ ಗುಂಯ್‌ಗುಡುತ್ತಲೇ ಇತ್ತು.

ಬೆಳ್ಳಂದೂರಿನಲ್ಲಿ ವಾಸಿಸುವವನಿಗೆ ಎದುರಾಳಿಯೆಂಬುವನು ದೂರದ ಊರಿನವನಲ್ಲ. ಒಂದೇ ಮೆಟ್ಟಿಲನ್ನು ಹತ್ತಿಳಿಯುವವನು. ಹೊರವರ್ತುಲ ರಸ್ತೆಯ ಗಣಕಯಂತ್ರದ ಕಛೇರಿಗಳು ದೇಶದ ಎಲ್ಲ ಪ್ರಾಂತಗಳ ಜನರನ್ನೂ ಇಲ್ಲಿಗೆ ಕರೆತಂದಿವೆ. ನಮ್ಮ ಮೇಲಿನ ಅಂತಸ್ತಿನಲ್ಲಿರುವವರು ಬಂಗಾಳದ ಮಹನೀಯರು, ಮೋಹನ್ ಬಾಗಾನಿನ ಮೂರು ತಲೆಮಾರಿನ ಭಕ್ತರು. ಮರುದಿನ ಬೆಳಗ್ಗೆ ಎದುರಾದಾಗ, ಪ್ರಯತ್ನಪಟ್ಟು ಕಲಿತ ತಮ್ಮ ಕನ್ನಡದಲ್ಲಿ, "ಚೆನ್ನಾಗಿ ಆಡಿದರು, ಸರ್. ಆದರೆ ಋತು ಬಹಳ ಉದ್ದ" ಎಂದರು. ಮಾತಿನಲ್ಲಿ ಕೊಂಕಿರಲಿಲ್ಲ, ನನ್ನ ಚಿಂತೆಗೆ ಅವರು ಭಾಷ್ಯ ಬರೆದಂತಿತ್ತು.

ಈ ಪೈಪೋಟಿ ನಿನ್ನೆ ಮೊನ್ನೆಯದೆಂದು ತಿಳಿಯಬಾರದು. ಬೆಂಗಳೂರು ಎಫ್.ಸಿ. ಹುಟ್ಟಿದ್ದು 2013ರಲ್ಲಿ, ಆದರೆ ಮೈಸೂರು-ಬಂಗಾಳಗಳ ಕಾಲ್ಚೆಂಡಿನ ಕಲಹಕ್ಕೆ ಮುಕ್ಕಾಲು ಶತಮಾನ ಸಂದಿದೆ. ಸಂತೋಷ್ ಟ್ರೋಫಿಯನ್ನು ಮೈಸೂರು 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಬಂಗಾಳ. ಅದಕ್ಕೂ ಮೊದಲು 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತ 2-1ರಿಂದ ಸೋತಾಗ ಆ ಒಂದು ಗೋಲು ಹೊಡೆದವರು ನಮ್ಮ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನರು ಕಲ್ಕತ್ತೆಗೆ ಹೋಗಿ, ಈಸ್ಟ್ ಬೆಂಗಾಲಿನ 'ಪಂಚಪಾಂಡವ'ರಲ್ಲಿ ಒಬ್ಬರೆನಿಸಿದರು. ನಮ್ಮ ಆಟಗಾರರು ಅಲ್ಲಿಗೆ ಹೋಗಿ ಹೆಸರು ಗಳಿಸಿದರು. ಅಲ್ಲಿನ ಅಭಿಮಾನಿಗಳು ಇಂದು ಇಲ್ಲಿಗೆ ಬಂದು ನೆಲೆಸಿದ್ದಾರೆ. ಈ ಕೊಡುಕೊಳೆಯಿರುವುದರಿಂದಲೇ ಈ ಸ್ಪರ್ಧೆಯಲ್ಲಿ ಹಗೆಗಿಂತ ನಂಟಸ್ತಿಕೆ ಹೆಚ್ಚು.

ನಂಟಸ್ತಿಕೆಯಿದ್ದ ಮಾತ್ರಕ್ಕೆ ಗಾಯ ಮಾಯುವುದಿಲ್ಲ. 2015ರ ಮೇ 31ರಂದು ಇದೇ ಕಂಠೀರವದಲ್ಲಿ ಐ-ಲೀಗ್ ಪ್ರಶಸ್ತಿಗಾಗಿ ಬೆಂಗಳೂರು ಗೆಲ್ಲಲೇಬೇಕಾಗಿತ್ತು. ಮೋಹನ್ ಬಾಗಾನಿಗೆ ಸಮನಾದರೆ ಸಾಕಾಗಿತ್ತು. ಮುನ್ನಡೆ ನಮ್ಮದಾಗಿತ್ತು. ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದ. ಪ್ರಶಸ್ತಿ ಕಲ್ಕತ್ತೆಯ ದಾರಿ ಹಿಡಿಯಿತು. ಅದನ್ನು ಕಂಡವನಿಗೆ ಮೂರು ಗೋಲಿನ ಗೆಲುವೂ ನಿಶ್ಚಿಂತೆಯನ್ನು ಕೊಡಲಾರದು.

ಚಿಂತೆ ಹುಸಿಯಾಗಲಿಲ್ಲ. ನವೆಂಬರಿನಲ್ಲಿ ಗೋವೆಯಲ್ಲಿ 3-0ರಿಂದ ಸೋತೆವು. ಡಿಸೆಂಬರಿನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಛೇತ್ರಿ ಒಬ್ಬರೇ ಮೂರು ಗೋಲು ಹೊಡೆದಾಗ ಆಸೆ ಮತ್ತೆ ಚಿಗುರಿತು. ಜನವರಿಯಲ್ಲಿ ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ 1-0ರಿಂದ ಗೆದ್ದಿತು. ಕಡೆಗೆ 2025ರ ಏಪ್ರಿಲ್ 12ರಂದು ಅದೇ ಊರಿನಲ್ಲಿ, ಅದೇ ಎದುರಾಳಿಯೊಡನೆ ಅಂತಿಮ ಪಂದ್ಯ. ಅಲ್ಲಿಯೂ ಮುನ್ನಡೆ ನಮ್ಮದೇ. ಪೆನಾಲ್ಟಿಯಿಂದ ಅವರು ಸಮ ಮಾಡಿಕೊಂಡರು. ಹೆಚ್ಚುವರಿ ಅವಧಿಯಲ್ಲಿ 2-1ರಿಂದ ಕಪ್ಪು ಅವರದಾಯಿತು. ಸೆಪ್ಟೆಂಬರಿನ ಮೂರು ಗೋಲುಗಳಿಂದ ಉಳಿದದ್ದು ಮೂರು ಅಂಕ ಮಾತ್ರ. ಆ ರಾತ್ರಿಯ ಮರುದಿನ ಮೇಲಿನ ಮನೆಯವರು ಎದುರಾದಾಗ ಆಟದ ಮಾತನ್ನೇ ಎತ್ತಲಿಲ್ಲ. "ತಿಂಡಿ ಆಯ್ತಾ, ಸರ್?" ಎಂದು ಕೇಳಿ ಕೆಳಗಿಳಿದರು. ಕನ್ನಡದ ಸೌಜನ್ಯವನ್ನು ಅವರು ಎಷ್ಟು ಚೆನ್ನಾಗಿ ಕಲಿತಿದ್ದಾರೆಂದು ನನಗೆ ಆಗ ಅರಿವಾಯಿತು.

ಇಷ್ಟೇ ಆಗಿದ್ದರೆ ಇದು ಎಲ್ಲ ಊರುಗಳ, ಎಲ್ಲ ಅಭಿಮಾನಿಗಳ ಕಥೆ. ಬೆಂಗಳೂರಿನವನ ಚಿಂತೆಗೆ ಇನ್ನೊಂದು ಮಡಿಕೆಯಿದೆ. ಈ ಊರಿನ ತಂಡಗಳು ಸೋತು ಹಾಳಾದದ್ದಕ್ಕಿಂತ ಆಶ್ರಯ ತಪ್ಪಿ ಕರಗಿದ್ದೇ ಹೆಚ್ಚು. ರೋವರ್ಸ್ ಕಪ್ ಗೆದ್ದವರ ಹೆಸರು ಇಂದಿನ ತರುಣರಿಗೆ ಗೊತ್ತಿಲ್ಲ. ದೂರವಾಣಿ ನಗರದ ಐ.ಟಿ.ಐ. ಕಾರ್ಖಾನೆಯಲ್ಲಿ, ಬೆಳ್ಳಂದೂರಿಗೆ ಸಮೀಪದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಹಗಲು ದುಡಿದು ಸಂಜೆ ಚೆಂಡಾಡುವ ತಂಡಗಳಿದ್ದವು. ಎಚ್.ಎ.ಎಲ್. ತಂಡ ಐ-ಲೀಗಿನವರೆಗೂ ಏರಿ, 2011-12ರ ಋತುವಿನ ಕೊನೆಗೆ ಕೆಳಕ್ಕೆ ಜಾರಿತು. ಕಾರ್ಖಾನೆಗಳ ಭಾಗ್ಯ ಇಳಿದಂತೆ ಅವುಗಳ ನೆರಳಿನ ಆಟವೂ ಬಾಡಿತು. ಕಂಠೀರವ ಕ್ರೀಡಾಂಗಣವೇ ನಿಂತಿರುವುದು ಸಂಪಂಗಿ ಕೆರೆಯಿದ್ದ ನೆಲದಲ್ಲಿ. ನೊರೆಯುಕ್ಕಿ ಬೆಂಕಿಯನ್ನೂ ಕಂಡ ಕೆರೆಯ ದಡದಲ್ಲಿ ಬದುಕುವ ನಮಗೆ, ಇಂದು ಇರುವುದು ನಾಳೆಯೂ ಇದ್ದೀತೆಂಬ ಧೈರ್ಯ ಸುಲಭವಾಗಿ ಬರುವುದಿಲ್ಲ.

ಆ ಭಯ 2025ರಲ್ಲಿ ಬಾಗಿಲಿಗೇ ಬಂತು. ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆಗೂ ಲೀಗನ್ನು ನಡೆಸುತ್ತಿದ್ದ ಕಂಪನಿಗೂ ಇದ್ದ ಒಪ್ಪಂದದ ಅವಧಿ ವರ್ಷಾಂತ್ಯಕ್ಕೆ ಮುಗಿಯುವುದರಲ್ಲಿತ್ತು. ಹೊಸ ಒಪ್ಪಂದವಾಗದೆ ಜುಲೈ ತಿಂಗಳಲ್ಲಿ ಲೀಗನ್ನು ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಹಿರಿಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ನಿಲ್ಲಿಸಿತು. ಸೆಪ್ಟೆಂಬರ್ ಬಂತು, ಸೂಪರ್ ಲೀಗಿನ ಪಂದ್ಯ ಬರಲಿಲ್ಲ. ಗೆಲುವೂ ಇಲ್ಲ, ಸೋಲೂ ಇಲ್ಲ, ಅವುಗಳ ಚಿಂತೆಯೂ ಇಲ್ಲ. ಎಷ್ಟೋ ಶನಿವಾರದ ಸಂಜೆಗಳು ಬರಿದಾಗಿ ಕಳೆದುವು. ಕಡೆಗೆ ಲೀಗು ಮೊಟಕಾದ ರೂಪದಲ್ಲಿ, 14 ತಂಡಗಳು ಒಂದಕ್ಕೊಂದು ಒಂದೇ ಸಲ ಎದುರಾಗುವಂತೆ, 2026ರ ಫೆಬ್ರವರಿಗೆ ಗೊತ್ತಾಯಿತು.

ಹಾಗಾದರೆ ಅಭಿಮಾನಿ ಏನನ್ನು ಆಶಿಸಬೇಕು? ಕಪ್ಪನ್ನು ಆಶಿಸಬೇಕಾದದ್ದೇ, ಆಶಿಸದವನು ಅಭಿಮಾನಿಯಲ್ಲ. ಸಂತೋಷ್ ಟ್ರೋಫಿಯನ್ನು ಐದನೆಯ ಬಾರಿ ಕಾಣಲು ನಾವು 54 ವರ್ಷ ಕಾದೆವು. 2023ರ ಮಾರ್ಚಿನಲ್ಲಿ ರಿಯಾದ್ ನಗರದಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ, 1969ನ್ನು ಕಂಡಿದ್ದ ಹಿರಿಯರು ಕೆಲವರಾದರೂ ನಮ್ಮ ನಡುವೆ ಇದ್ದರು. ಅಷ್ಟು ಕಾಯುವ ತಾಳ್ಮೆ ಈ ಮಣ್ಣಿಗೆ ಉಂಟು. ಆದರೆ ಕಾಯುವುದಕ್ಕೂ ಆಡುವ ತಂಡವೊಂದು ಇರಬೇಕು. ಸಂಜೆ ದೀಪ ಹೊತ್ತಿಸುವ ಅಂಗಳವೊಂದು ಇರಬೇಕು. ಸೋಲಿಸಲು, ಸೋಲಲು ತಕ್ಕ ಎದುರಾಳಿಯೊಬ್ಬ ಇರಬೇಕು.

ಆದಕಾರಣ ಋತುವಿನ ಆರಂಭದಲ್ಲಿ ಗೆದ್ದ ರಾತ್ರಿ ನಿದ್ದೆ ಬಾರದೆ ಹೊರಳುವ ಅಭಿಮಾನಿಯನ್ನು ಕಂಡು ಯಾರೂ ಮರುಗಬೇಕಾಗಿಲ್ಲ. ರಕ್ಷಣೆಯಲ್ಲಿ ಬಿರುಕಿದೆಯೆ, ನಾಯಕನ ಮೊಣಕಾಲು ಋತುವಿಡೀ ತಾಳೀತೆ, ಕಲ್ಕತ್ತೆಯ ಪಂದ್ಯದಲ್ಲಿ ಏನಾದೀತು ಎಂದು ಅವನು ಚಿಂತಿಸಲಿ. ಮುಂದಿನ ಪಂದ್ಯವೊಂದು ಇರುವವನಿಗೆ ಮಾತ್ರ ಒದಗುವ ಭಾಗ್ಯ ಆ ಚಿಂತೆ.