ಹಾರುವ ಬೇಟೆಹಕ್ಕಿಗಳನ್ನು ಗುರುತಿಸುವ ಬಗೆ

ಬಿಸಿಲೇರಿದ ಹೊತ್ತಿನಲ್ಲಿ ತಲೆಯೆತ್ತಿ ನೋಡಿದರೆ, ನಮ್ಮ ಊರುಗಳ ಮೇಲೆ ಒಂದೆರಡು ದೊಡ್ಡ ಹಕ್ಕಿಗಳು ರೆಕ್ಕೆ ಬಡಿಯದೆ ಸುತ್ತುತ್ತಿರುವುದು ಸಾಮಾನ್ಯವಾದ ನೋಟ. ಅವೆಲ್ಲವನ್ನೂ ‘ಹದ್ದು’ ಎಂಬ ಒಂದೇ ಮಾತಿನಿಂದ ಕರೆದು ನಾವು ಸುಮ್ಮನಾಗುತ್ತೇವೆ. ಆದರೆ ಹಾಗೆ ಸುತ್ತುವವುಗಳಲ್ಲಿ ಹದ್ದು ಉಂಟು, ಗರುಡ ಉಂಟು, ಗಿಡುಗ ಉಂಟು, ಡೇಗೆ ಉಂಟು. ಅಪರೂಪಕ್ಕೆ ರಣಹದ್ದೂ ಉಂಟು. ಬಾಗಿದ ಕೊಕ್ಕು, ಮೊನಚಾದ ಉಗುರು, ತೀಕ್ಷ್ಣವಾದ ದೃಷ್ಟಿ ಇವು ಈ ಬಳಗದ ಸಾಮಾನ್ಯ ಲಕ್ಷಣಗಳು. ಕೊಂಬೆಯ ಮೇಲೆ ಕುಳಿತ ಹಕ್ಕಿಯನ್ನಾದರೆ ಪುಸ್ತಕದ ಚಿತ್ರದೊಡನೆ ಹೋಲಿಸಿ ನೋಡಬಹುದು. ಬೇಟೆಹಕ್ಕಿಗಳಾದರೋ ನಮಗೆ ಹೆಚ್ಚಾಗಿ ಕಾಣಿಸುವುದು ಬಹು ಎತ್ತರದಲ್ಲಿ, ಅದೂ ಕೆಲವೇ ಕ್ಷಣಗಳ ಮಟ್ಟಿಗೆ. ಅಷ್ಟರಲ್ಲಿಯೇ ಅವುಗಳನ್ನು ಗುರುತಿಸಲು ಸಾಧ್ಯವೇ? ಸಾಧ್ಯ. ಆದರೆ ಅದಕ್ಕೆ ನಾವು ಕೇಳಬೇಕಾದ ಮೊದಲನೆಯ ಪ್ರಶ್ನೆ ‘ಬಣ್ಣ ಯಾವುದು?’ ಎಂಬುದಲ್ಲ, ‘ಆಕಾರ ಎಂಥದು, ನಡೆ ಎಂಥದು?’ ಎಂಬುದು.

ಹೆಸರುಗಳ ವಿಷಯದಲ್ಲಿ ಒಂದು ಮಾತು. ಇವು ಊರಿಂದೂರಿಗೆ ಬೇರೆಯಾಗುತ್ತವೆ. ಈ ಲೇಖನದಲ್ಲಿ ಪೇಟೆಬೀದಿಗಳ ಮೇಲೆ ಸುತ್ತುವ ಕಂದುಬಣ್ಣದ ಹಕ್ಕಿಯನ್ನು ಹದ್ದು ಎಂದೂ, ಬಿಳಿಯ ತಲೆ ಮತ್ತು ಎದೆ, ಇಟ್ಟಿಗೆಗೆಂಪು ಮೈ ಉಳ್ಳುದನ್ನು ಗರುಡ ಎಂದೂ, ಶಿಕ್ರ ಮೊದಲಾದ ಗಿಡ್ಡರೆಕ್ಕೆಯವನ್ನು ಗಿಡುಗ ಎಂದೂ, ಮೊನಚು ರೆಕ್ಕೆಯ ಫಾಲ್ಕನ್‌ಗಳನ್ನು ಡೇಗೆ ಎಂದೂ ಕರೆದಿದೆ.

ಬಣ್ಣವನ್ನು ನಂಬಬಾರದೇಕೆ?

ಬೆಳಗುವ ಆಕಾಶವನ್ನು ಹಿನ್ನೆಲೆಯಾಗಿಟ್ಟು ನೋಡಿದಾಗ ಯಾವ ಹಕ್ಕಿಯಾದರೂ ಕಪ್ಪಾಗಿ ಕಾಣುತ್ತದೆ. ಅದೇ ಹಕ್ಕಿ ವಾಲಿ ತಿರುಗಿದಾಗ ಬಿಸಿಲು ಗರಿಗಳ ಮೇಲೆ ಬಿದ್ದು ಬೆಳ್ಳಗೆ ಹೊಳೆಯಬಹುದು. ಇದಕ್ಕಿಂತ ದೊಡ್ಡ ತೊಡಕು ವಯಸ್ಸಿನದು. ಬೇಟೆಹಕ್ಕಿಗಳಲ್ಲಿ ಅನೇಕವು ಮರಿತನದಲ್ಲಿ ಒಂದು ಬಣ್ಣ, ಪ್ರಾಯದಲ್ಲಿ ಇನ್ನೊಂದು ಬಣ್ಣ. ಗರುಡನ ಮರಿಯು ಹಾರಲು ಕಲಿತಾಗ ಅದರ ತಲೆ ಬಿಳಿದಾಗಿರುವುದಿಲ್ಲ. ಮೈಯೆಲ್ಲ ಕಂದುಬಣ್ಣವಾಗಿ ಹದ್ದಿನಂತೆಯೇ ತೋರುತ್ತದೆ. ಬಣ್ಣವನ್ನೇ ನಂಬಿದವನು ಇಲ್ಲಿ ತಪ್ಪುವುದು ನಿಶ್ಚಯ. ಬಾಲವನ್ನು ನೋಡಿದವನು ತಪ್ಪುವುದಿಲ್ಲ. ಹದ್ದಿನ ಬಾಲದ ತುದಿ ಮೀನಿನ ಬಾಲದಂತೆ ಒಳಗೆ ಕಚ್ಚಾಗಿರುತ್ತದೆ. ಗರುಡನ ಬಾಲದ ತುದಿ, ಮರಿಯಾಗಲಿ ಬೆಳೆದುದಾಗಲಿ, ದುಂಡಗೆ ಇರುತ್ತದೆ. ಹದ್ದು ಬಾಲವನ್ನು ಬೀಸಣಿಗೆಯಂತೆ ಪೂರ್ತಿ ಹರಡಿದಾಗ ಮಾತ್ರ ಆ ಕಚ್ಚು ಮಾಯವಾಗಿ ಅಂಚು ನೇರವಾಗಿ ಕಾಣುವುದುಂಟು. ಆದುದರಿಂದ ಅದು ಬಾಲವನ್ನು ಮಡಿಸುವ ತನಕ ಕಾಯುವುದು ಜಾಣತನ.

ಗಾತ್ರವೂ ಅಷ್ಟೇ ಮೋಸಗೊಳಿಸುವಂಥದು. ಬರಿಯ ಆಕಾಶದಲ್ಲಿ ಅಳತೆಗೋಲಿಲ್ಲ. ಹತ್ತಿರದ ಚಿಕ್ಕ ಹಕ್ಕಿಯೂ ದೂರದ ದೊಡ್ಡ ಹಕ್ಕಿಯೂ ಕಣ್ಣಿಗೆ ಒಂದೇ. ಆದರೆ ಬೇಟೆಹಕ್ಕಿಯನ್ನು ಕಂಡರೆ ಕಾಗೆಗಳು ಅಟ್ಟಿಸಿಕೊಂಡು ಹೋಗುವುದು ವಾಡಿಕೆಯಾದ್ದರಿಂದ, ಪಕ್ಕದಲ್ಲಿ ಕಾಗೆಯೊಂದಿದ್ದರೆ ಅದೇ ನಮಗೆ ಅಳತೆಗೋಲಾಗುತ್ತದೆ.

ರೆಕ್ಕೆ ಹೇಳುವ ಕಥೆ

ಬಣ್ಣ ಬದಲಾಗಬಹುದು, ಆದರೆ ರೆಕ್ಕೆಯ ಆಕಾರ ಆ ಹಕ್ಕಿ ಬದುಕುವ ರೀತಿಗೆ ಕಟ್ಟುಬಿದ್ದಿದೆ. ಇದನ್ನು ತಿಳಿದುಕೊಂಡರೆ ಲಕ್ಷಣಗಳನ್ನು ಬಾಯಿಪಾಠ ಮಾಡುವ ಅವಶ್ಯಕತೆಯೇ ಇರುವುದಿಲ್ಲ.

ಮೊದಲು ರಣಹದ್ದನ್ನು ತೆಗೆದುಕೊಳ್ಳೋಣ. ಸತ್ತ ಪ್ರಾಣಿಯನ್ನು ಹುಡುಕಿಕೊಂಡು ಅದು ದಿನವೆಲ್ಲ ಬಹು ದೂರ ಸಂಚರಿಸಬೇಕು. ರೆಕ್ಕೆ ಬಡಿಯುತ್ತಲೇ ಹೋದರೆ ಅದರ ಶಕ್ತಿಯೆಲ್ಲ ಅದಕ್ಕೇ ವ್ಯಯವಾದೀತು. ಆದುದರಿಂದ ಅದು ಸೂರ್ಯನ ಸಹಾಯವನ್ನು ಪಡೆಯುತ್ತದೆ. ಬಿಸಿಲಿಗೆ ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ, ಹಗುರವಾಗಿ, ಕಂಬದಂತೆ ಮೇಲೇಳುತ್ತದೆ. ಈ ಬಿಸಿಗಾಳಿಯ ಕಂಬದೊಳಗೆ ಸುತ್ತುತ್ತ ರಣಹದ್ದು ಮೇಲೇರಿ, ಅಲ್ಲಿಂದ ಮುಂದಿನ ಕಂಬದವರೆಗೆ ಜಾರುತ್ತದೆ. ಅಗಲವಾದ ರೆಕ್ಕೆ, ಗಿಡ್ಡ ಬಾಲ ಇವು ಈ ಕೆಲಸಕ್ಕೆ ತಕ್ಕ ಸಾಧನಗಳು. ರೆಕ್ಕೆಯ ತುದಿಯ ಗರಿಗಳು ಬಿಡಿಸಿದ ಬೆರಳುಗಳಂತೆ ಬೇರೆ ಬೇರೆಯಾಗಿ ನಿಂತಿರುವುದನ್ನು ಕೆಳಗಿನಿಂದಲೇ ನೋಡಬಹುದು. ರೆಕ್ಕೆಯ ಕೆಳಗಿನ ಒತ್ತಡದ ಗಾಳಿ ತುದಿಯನ್ನು ಬಳಸಿ ಮೇಲಕ್ಕೆ ನುಗ್ಗಿ ಸುಳಿಯಾಗಿ ಹಕ್ಕಿಯನ್ನು ಹಿಂದಕ್ಕೆ ಎಳೆಯುತ್ತದೆ; ಈ ‘ಬೆರಳುಗಳು’ ಒಂದು ದೊಡ್ಡ ಸುಳಿಯನ್ನು ಹಲವು ಸಣ್ಣ ಸುಳಿಗಳನ್ನಾಗಿ ಒಡೆದು ಆ ಎಳೆತವನ್ನು ತಗ್ಗಿಸುತ್ತವೆ. ಬೆಳಗಿನ ತಂಪಿನಲ್ಲಿ ರಣಹದ್ದು ಬಂಡೆಯ ಮೇಲೆ ಕುಳಿತೇ ಇರುವುದು ಸೋಮಾರಿತನದಿಂದಲ್ಲ. ಗಾಳಿಯ ಕಂಬ ಇನ್ನೂ ಎದ್ದಿಲ್ಲವೆಂಬ ಕಾರಣದಿಂದ.

ಶಿಕ್ರದ ಜೀವನ ಇದಕ್ಕೆ ತೀರ ವಿರುದ್ಧವಾದದ್ದು. ಪಾರಿವಾಳದ ಗಾತ್ರದ ಈ ಗಿಡುಗ ಮರಗಳ ನಡುವೆ ನುಸುಳಿ ಓತಿಕೇತ, ಸಣ್ಣ ಹಕ್ಕಿ ಮುಂತಾದವನ್ನು ಹಿಡಿಯಬೇಕು. ಅಲ್ಲಿ ಉದ್ದ ರೆಕ್ಕೆ ಕೊಂಬೆಗೆ ತಗುಲೀತು. ಆದುದರಿಂದ ಅದಕ್ಕೆ ಗಿಡ್ಡವಾದ, ದುಂಡಾದ ರೆಕ್ಕೆ. ಥಟ್ಟನೆ ತಿರುಗಲು ಚುಕ್ಕಾಣಿಯಂತಹ ಉದ್ದ ಬಾಲ. ನಾಲ್ಕೈದು ಸಲ ಬೇಗ ಬೇಗ ರೆಕ್ಕೆ ಬಡಿದು, ಸ್ವಲ್ಪ ದೂರ ತೇಲಿ, ಮತ್ತೆ ಬಡಿಯುವುದು ಅದರ ನಡೆ.

ಡೇಗೆಗಳು ಬಯಲಿನಲ್ಲಿ ವೇಗದಿಂದಲೇ ಬೇಟೆಯನ್ನು ಗೆಲ್ಲುವಂಥವು. ಅವುಗಳ ರೆಕ್ಕೆ ಕುಡುಗೋಲಿನಂತೆ ಉದ್ದವಾಗಿ, ತುದಿಯಲ್ಲಿ ಮೊನಚಾಗಿರುತ್ತದೆ. ಬಿಡಿಸಿದ ಬೆರಳುಗಳು ಕಾಣುವುದಿಲ್ಲ. ಈ ಗುಂಪಿನ ಪೆರಿಗ್ರಿನ್ ರೆಕ್ಕೆಗಳನ್ನು ಮಡಿಸಿ ಮೇಲಿನಿಂದ ಎರಗುವಾಗ ಗಂಟೆಗೆ ೩೦೦ ಕಿಲೋಮೀಟರಿಗೂ ಮಿಗಿಲಾದ ವೇಗವನ್ನು ಮುಟ್ಟುತ್ತದೆ. ಬೆಟ್ಟದ ಕಡಿಬಂಡೆಗಳಲ್ಲಿ ಗೂಡುಮಾಡುವ ಶಾಹೀನ್ ನಮ್ಮ ನಾಡಿನಲ್ಲಿಯೇ ನೆಲಸಿರುವ ಅದರ ಒಂದು ಪ್ರಭೇದ.

ನಡೆಯಿಂದ ಗುರುತು

ಆಕಾರದ ಅನಂತರ ನಡೆ. ಹಕ್ಕಿ ಒಂದೇ ಎಡೆಯಲ್ಲಿ ರೆಕ್ಕೆ ಬಡಿಯುತ್ತ, ದಾರದಿಂದ ತೂಗುಹಾಕಿದಂತೆ ಗಾಳಿಯಲ್ಲಿ ನಿಲ್ಲುತ್ತಿದೆಯೇ? ಹಾಗಿದ್ದರೆ ಪಟ್ಟಿ ಚಿಕ್ಕದಾಯಿತು. ಬೂದುಬಿಳಿ ಮೈ, ಹೆಗಲಿನಲ್ಲಿ ಕಪ್ಪು ಮಚ್ಚೆ, ಗಿಡ್ಡ ಬಾಲವಿದ್ದರೆ ಅದು ಹೊಲಗಳ ಮೇಲೆ ಇಲಿ ಹಿಡಿಯುವ ಕಪ್ಪುರೆಕ್ಕೆಯ ಹದ್ದು. ಉದ್ದ ಬಾಲ, ಮೊನಚು ರೆಕ್ಕೆ, ಇಟ್ಟಿಗೆಬಣ್ಣದ ಬೆನ್ನು ಇದ್ದರೆ ಅದು ಡೇಗೆಗಳ ಗುಂಪಿನ ಕೆಸ್ಟ್ರೆಲ್.

ಚಳಿಗಾಲದಲ್ಲಿ ಹುಲ್ಲುಗಾವಲು, ಗದ್ದೆಬಯಲುಗಳ ಮೇಲೆ ಆಳೆತ್ತರದಲ್ಲಿಯೇ ಅತ್ತಿತ್ತ ತೂಗಾಡುತ್ತ ಹೋಗುವ ತೆಳುಮೈಯ ಹಕ್ಕಿಗಳು ಹ್ಯಾರಿಯರ್‌ಗಳು. ಇವು ಉತ್ತರದ ದೂರದೇಶಗಳಲ್ಲಿ ಗೂಡುಕಟ್ಟಿ ಚಳಿಗಾಲ ಕಳೆಯಲು ಇಲ್ಲಿಗೆ ಬರುವ ಅತಿಥಿಗಳು. ತೇಲುವಾಗ ರೆಕ್ಕೆಗಳನ್ನು ಇಬ್ಬದಿಗೂ ಮೇಲಕ್ಕೆತ್ತಿ ಹಿಡಿಯುವುದು ಇವುಗಳ ಗುರುತು. ನಿಧಾನವಾಗಿ ಹಾರುವ ಹಕ್ಕಿ ಒಂದು ಕಡೆಗೆ ವಾಲಿದಾಗ ತಾನಾಗಿಯೇ ಸಮಸ್ಥಿತಿಗೆ ಮರಳಲು ಈ ಭಂಗಿ ನೆರವಾಗುತ್ತದೆ. ಕಾಡಿನ ಮೇಲೆ ಬಹು ಎತ್ತರದಲ್ಲಿ ಇದೇ ಭಂಗಿಯಲ್ಲಿ, ಗಟ್ಟಿಯಾಗಿ ಸಿಳ್ಳು ಹಾಕುತ್ತ ಸುತ್ತುವ ಅಗಲರೆಕ್ಕೆಯ ಹಕ್ಕಿ ಕಂಡು, ರೆಕ್ಕೆಯ ಅಡಿಯಲ್ಲಿ ಅಂಚಿನುದ್ದಕ್ಕೂ ಬಿಳಿಯ ಪಟ್ಟಿ ಇದ್ದರೆ, ಅದು ಹಾವುಗಳನ್ನು ತಿನ್ನುವ ಜುಟ್ಟಿನ ಸರ್ಪಗಿಡುಗ. ಬಣ್ಣಕ್ಕೂ ಇಲ್ಲಿ ಬೆಲೆ ಬಂದುದನ್ನು ಗಮನಿಸಿರಿ. ಆದರೆ ಅದು ಬಂದದ್ದು ಕೊನೆಯ ಸಾಕ್ಷಿಯಾಗಿ, ಮೊದಲನೆಯದಾಗಿ ಅಲ್ಲ.

ಇದರಿಂದೇನು ಪ್ರಯೋಜನ?

ಇದೆಲ್ಲ ಬಿಡುವಿನ ವಿನೋದವಲ್ಲವೇ ಎಂದು ಕೆಲವರು ಕೇಳಬಹುದು. ಎರಡು ನಿಜಸಂಗತಿಗಳು ಇದಕ್ಕೆ ಉತ್ತರ ಹೇಳುತ್ತವೆ.

ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ‘ಹಾಕ್ ಮೌಂಟನ್’ ಎಂಬ ಬೆಟ್ಟವಿದೆ. ಶರತ್ಕಾಲದಲ್ಲಿ ದಕ್ಷಿಣಕ್ಕೆ ವಲಸೆ ಹೋಗುವ ಬೇಟೆಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಅದರ ಮೇಲಿನಿಂದ ಹಾದುಹೋಗುತ್ತವೆ. ಹಿಂದೆ ಜನರು ಅಲ್ಲಿ ಕುಳಿತು ಅವನ್ನು ಗುಂಡಿಟ್ಟು ಕೊಲ್ಲುತ್ತಿದ್ದರು. ೧೯೩೪ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆ ಆ ನೆಲವನ್ನು ಗುತ್ತಿಗೆಗೆ ಪಡೆದು ಬೇಟೆಯನ್ನು ನಿಲ್ಲಿಸಿದಳು. ಕಾವಲಿಗೆ ಬಂದ ಮಾರಿಸ್ ಬ್ರೌನ್ ಹಾರಿಹೋಗುವ ಹಕ್ಕಿಗಳನ್ನು ಜಾತಿ, ವಯಸ್ಸುಗಳ ಸಮೇತ ಎಣಿಸಿ ಬರೆದಿಡತೊಡಗಿದನು. ಬೋಳುತಲೆಯ ಹದ್ದೆಂದು ಹೆಸರಾದ ಅಲ್ಲಿಯ ದೊಡ್ಡ ಹಕ್ಕಿಯ ತಲೆ ಬೆಳ್ಳಗಾಗಲು ಸುಮಾರು ಐದು ವರ್ಷ ಬೇಕು. ಆದುದರಿಂದ ಎಳೆಯದು ಯಾವುದು, ಬೆಳೆದುದು ಯಾವುದು ಎಂಬುದು ಹಾರುವಾಗಲೇ ತಿಳಿಯುತ್ತದೆ. ೧೯೩೫-೩೯ರಲ್ಲಿ ಎಣಿಸಿದ ಈ ಹಕ್ಕಿಗಳಲ್ಲಿ ನೂರಕ್ಕೆ ೪೦ರಷ್ಟು ಎಳೆಯವಾಗಿದ್ದವು. ೧೯೫೫-೫೯ರಲ್ಲಿ ಅವು ನೂರಕ್ಕೆ ೨೦ಕ್ಕೆ ಇಳಿದವು. ಹಿರಿಯವು ಬದುಕಿದ್ದವು, ಆದರೆ ಮರಿಗಳಾಗುತ್ತಿರಲಿಲ್ಲ! ರೇಚಲ್ ಕಾರ್ಸನ್ ೧೯೬೨ರಲ್ಲಿ ಡಿಡಿಟಿ ಮೊದಲಾದ ಕೀಟನಾಶಕಗಳ ಕೇಡನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿ ಈ ಎಣಿಕೆಯನ್ನು ಸಾಕ್ಷಿಯಾಗಿ ಮುಂದಿಟ್ಟಳು. ೧೯೭೨ರಲ್ಲಿ ಆ ದೇಶ ಡಿಡಿಟಿಯನ್ನು ನಿಷೇಧಿಸಿತು; ಹಕ್ಕಿಗಳು ಚೇತರಿಸಿಕೊಂಡವು.

ಎರಡನೆಯದು ನಮ್ಮ ದೇಶದ್ದೇ. ಭರತಪುರದ ಕೇವಲಾದೇವ ಉದ್ಯಾನದಲ್ಲಿ ರಣಹದ್ದುಗಳನ್ನು ಎಣಿಸುತ್ತಿದ್ದ ವಿಭು ಪ್ರಕಾಶ್ ಅವರು ೧೯೯೦ರ ದಶಕದಲ್ಲಿ ಅವು ಭಯಂಕರವಾಗಿ ಕಡಿಮೆಯಾಗುತ್ತಿರುವುದನ್ನು ಕಂಡುಹಿಡಿದರು. ೨೦೦೪ರಲ್ಲಿ ಕಾರಣ ಗೊತ್ತಾಯಿತು: ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧಿ. ಅದನ್ನು ಪಡೆದು ಸತ್ತ ದನದ ಮಾಂಸವನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳು ಕೆಟ್ಟು ಅವು ಸಾಯುತ್ತಿದ್ದವು. ೨೦೦೬ರಲ್ಲಿ ಪಶುವೈದ್ಯದಲ್ಲಿ ಇದರ ಬಳಕೆಗೆ ಭಾರತ ತಡೆಹಾಕಿತು. ಆದರೆ ಅಷ್ಟು ಹೊತ್ತಿಗೆ, ಎಲ್ಲೆಲ್ಲಿಯೂ ಕಾಣುತ್ತಿದ್ದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದರಷ್ಟೂ ಉಳಿದಿರಲಿಲ್ಲ. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು ೨೦೧೨ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಉದ್ದಕೊಕ್ಕಿನ ರಣಹದ್ದುಗಳು ಅಲ್ಲಿಯೂ ಬೆರಳೆಣಿಕೆಯಷ್ಟಾಗಿವೆ. ಮೇಲೆ ಸುತ್ತುವುದೆಲ್ಲ ಹದ್ದೇ ಎಂದುಕೊಂಡವನಿಗೆ, ರಣಹದ್ದು ಮರೆಯಾದುದು ತಿಳಿಯುವ ಬಗೆಯೇ ಇರಲಿಲ್ಲ. ಏಕೆಂದರೆ ಹದ್ದುಗಳು ಆಗಲೂ ಸುತ್ತುತ್ತಲೇ ಇದ್ದವು.

ಅಭ್ಯಾಸ ಮಾಡುವ ಕ್ರಮ

ಇದಕ್ಕೆ ದೊಡ್ಡ ಸಲಕರಣೆ ಬೇಡ. ದುರ್ಬೀನು ದೊರೆತರೆ ಒಳ್ಳೆಯದು. ದೊರೆಯದಿದ್ದರೆ ಕಣ್ಣೇ ಸಾಕು. ಸೂರ್ಯನ ಕಡೆಗೆ ಮಾತ್ರ ದುರ್ಬೀನನ್ನು ಎಂದೂ ತಿರುಗಿಸಬಾರದು, ಕಣ್ಣು ಹೋದೀತು. ಮೊದಲು ಒಂದು ತಿಂಗಳು ನಿಮ್ಮ ಊರಿನ ಸಾಮಾನ್ಯ ಹದ್ದನ್ನೇ ನೋಡಿರಿ: ಅದು ಬಾಲವನ್ನು ಹೇಗೆ ತಿರುಚುತ್ತದೆ, ರೆಕ್ಕೆಯನ್ನು ಹೇಗೆ ಬಾಗಿಸುತ್ತದೆ, ಎಷ್ಟು ಹೊತ್ತಿಗೆ ಮೇಲೇರುತ್ತದೆ. ಅದು ಚೆನ್ನಾಗಿ ಪರಿಚಯವಾದ ಮೇಲೆ, ಹದ್ದಲ್ಲದ ಹಕ್ಕಿ ಬಂದ ಕೂಡಲೇ ಕಣ್ಣು ತಾನಾಗಿ ಎಚ್ಚರಗೊಳ್ಳುತ್ತದೆ. ಕಂಡ ಹಕ್ಕಿಯ ರೇಖಾಕೃತಿಯನ್ನು ಅಲ್ಲಿಯೇ ಬರೆದುಕೊಂಡು ದಿನ, ಸಮಯ, ಸ್ಥಳ, ರೆಕ್ಕೆ, ಬಾಲ, ನಡೆ ಇವನ್ನು ಗುರುತು ಹಾಕಿರಿ. ಪುಸ್ತಕವನ್ನು ತೆರೆಯುವುದು ಅನಂತರ. ಗುರುತು ಸಿಕ್ಕದಿದ್ದಾಗ ‘ತಿಳಿಯಲಿಲ್ಲ’ ಎಂದು ಬರೆಯಲು ನಾಚಬೇಕಾಗಿಲ್ಲ. ಊಹೆಯಿಂದ ಬರೆದ ಹೆಸರಿಗಿಂತ ಅದು ಹೆಚ್ಚು ಬೆಲೆಯುಳ್ಳದ್ದು. ಬ್ರೌನನ ದಿನಚರಿ ಇಪ್ಪತ್ತು ವರ್ಷಗಳ ಮೇಲೆ ಸಾಕ್ಷಿಯಾಗಿ ನಿಂತಂತೆ, ಮುಂದೊಂದು ದಿನ ನಿಮ್ಮ ಪುಸ್ತಕವನ್ನೂ ಯಾರಾದರೂ ನಂಬಿ ತೆರೆಯಬೇಕಾಗಬಹುದು.